ಜ್ವರದ ಕಾರ್ಡು

ಕಾರ್ಡಿನ ಮೇಲೆ ಕ್ಯಾನ್ಸರ್ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದವಳು ನಾನೇ. ಬೇರೆ ಯಾರ ಮೇಲೂ ಹೊರಿಸುವ ಹಾಗಿಲ್ಲ.

ಕೀಮೋ ತೆಗೆದುಕೊಳ್ಳುವವರಿಗೆ ಜ್ವರ ಬಂತೆಂದರೆ ಗಂಟೆಯೊಳಗೆ ಆಂಟಿಬಯಾಟಿಕ್ ಬೀಳಬೇಕು, ತಡವಾದರೆ ಜೀವಕ್ಕೇ ಸಂಚಕಾರ. ಮನ್ಸೂರಾದ ನಮ್ಮ ಆಸ್ಪತ್ರೆಯ ಎಮರ್ಜೆನ್ಸಿಯಲ್ಲೋ, ನೆಗಡಿಯವರ ಸಾಲಿನಲ್ಲೇ ಇವರೂ ಕೂತು ಬೇಯುತ್ತಿದ್ದರು. ಅದಕ್ಕೇ ನನ್ನ ಅಧ್ಯಯನ: ನೂರಿಪ್ಪತ್ತು ರೋಗಿಗಳು, ಒಬ್ಬೊಬ್ಬರಿಗೂ ಒಂದೊಂದು ಕೆಂಪು ಕಾರ್ಡು. ಬಾಗಿಲಲ್ಲಿ ತೋರಿಸಿದರೆ ನೇರ ಒಳಗೆ.

ಅಚ್ಚಿಗೆ ಕೊಡುವ ಮುಂಚೆ ಹಿರಿಯ ನರ್ಸ್ ಅಫ್ಕಾರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಡಾಕ್ಟ್ರೇ, ಆ ಹೆಸರೊಂದು ತೆಗೆದುಬಿಡಿ. ನಮ್ಮ ಜನ 'ಆ ಕೆಟ್ಟ ಕಾಯಿಲೆ' ಅನ್ನೋಕೂ ಹೆದರ್ತಾರೆ. ಎಷ್ಟೋ ಮನೇಲಿ ರೋಗಿಗೇ ಹೇಳಿರಲ್ಲ."

"ಮತ್ತೇನ್ ಬರೀಲಿ, ಮೊಡವೆ ಅಂತ ಬರೀಲಾ?" ಎಂದೆ. ಕೋಪ ನನಗೆ ಮೂಗಿನ ತುದಿಯಲ್ಲೇ. "ಇಂಥಾ ಮೌಢ್ಯಕ್ಕೆಲ್ಲ ನಾನು ಮಣೆ ಹಾಕಲ್ಲ."

"ನಿಮ್ಮಿಷ್ಟಪ್ಪ. ಓದಿದೋರು ನೀವು," ಎಂದು ಕಾರ್ಡನ್ನು ನನ್ನ ಕೈಗೇ ವಾಪಸು ಕೊಟ್ಟರು.

ವರ್ಷದಲ್ಲಿ ಇಪ್ಪತ್ತು ಜನ ಜ್ವರವೆಂದು ಬಂದರು. ಹತ್ತೊಂಬತ್ತು ಜನರದ್ದು ಸಲೀಸಾಗಿ ಆಯಿತು. ಕೊನೆಯವರು ಇಹ್ಸಾನ್ ಎಂಬ ಹೆಂಗಸು. ಕಾರ್ಡು ತೋರಿಸದೆ ನಾಲ್ಕು ಗಂಟೆ ಸಾಲಿನಲ್ಲಿ ಕೂತಿದ್ದರು. ಮೂರನೇ ದಿನ ತೀರಿಕೊಂಡರು. ಅವರನ್ನು ಸೇರಿಸಿದರೆ ಆಂಟಿಬಯಾಟಿಕ್ ಬೀಳುವ ಸರಾಸರಿ ಹೊತ್ತು ಒಂದು ಗಂಟೆ ದಾಟುತ್ತಿತ್ತು, ಬಿಟ್ಟರೆ ಐವತ್ತೊಂದು ನಿಮಿಷ. 'ನಿಯಮ ಪಾಲಿಸಿಲ್ಲ' ಎಂದು ಗೀಚಿ ಪಟ್ಟಿಯಿಂದ ತೆಗೆದೆ. ಕೈರೋದ ವೈದ್ಯರ ಸಭೆಯಲ್ಲಿ ಆ ಲೆಕ್ಕ ಮಂಡಿಸಿದಾಗ ಚಪ್ಪಾಳೆ ಬಿತ್ತು. ನಾನೂ ಉಬ್ಬಿಹೋದೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಇಹ್ಸಾನರ ಮಗಳು ರಾವಿಯಾ ಬಂದಳು. ಕಪ್ಪು ಉಡುಪು, ಕೈಯಲ್ಲಿ ಎಳ್ಳು ಹಚ್ಚಿದ ಬನ್ನುಗಳ ಬುಟ್ಟಿ.

"ಅಮ್ಮ ಹೋಗಿ ನಲವತ್ತು ದಿನ ಆಯ್ತು ಡಾಕ್ಟ್ರಮ್ಮ. ಅವಳ ಹೆಸರಲ್ಲಿ ಹಂಚ್ತಿದೀನಿ, ತಗೊಳ್ಳಿ. ಕಾರ್ಡು ವಾಪಸ್ ಕೊಡ್ಬೇಕು ಅಂದಿದ್ರಲ್ಲ, ಅದನ್ನೂ ತಂದಿದೀನಿ."

ಮೇಜಿನ ಮೇಲಿಟ್ಟಳು. ಬೆವರಿಗೆ ಮೆತ್ತಗಾಗಿ ಬಣ್ಣ ಬಿಟ್ಟಿತ್ತು.

"ಅವತ್ತು ಪೂರ್ತಿ ಎದೇಲೇ ಇಟ್ಕೊಂಡಿದ್ದೆ. ಅಮ್ಮಂಗೆ ಹೊಟ್ಟೆಹುಣ್ಣು ಅಂತ ಹೇಳಿದ್ವಿ. ಬಾಗಿಲಲ್ಲಿ ಕೂತಿರ್ತಾನಲ್ಲ, ಅವ್ನು ಎಲ್ಲರ ಚೀಟೀನೂ ಕೂಗಿ ಓದ್ತಾನೆ. ಅಮ್ಮ ಪಕ್ಕದಲ್ಲೇ ಇದ್ಳು. ಸಾಲು ಇನ್ನೇನು ಕರಗುತ್ತೆ ಅಂತ ಕಾದೆ, ಕಾದೆ... ಆಯಸ್ಸು ಅಷ್ಟೇ ಇದ್ದಿದ್ದು ಅಂತಾರೆ ಎಲ್ರೂ. ಹಂಗೇ ಅಲ್ವಾ ಡಾಕ್ಟ್ರಮ್ಮ?"

ಅಫ್ಕಾರ್ ಬಾಗಿಲಲ್ಲೇ ನಿಂತಿದ್ದರು. ಮೇಜಿನ ಮೇಲಿನ ಕಾರ್ಡನ್ನೇ ನೋಡುತ್ತಿದ್ದರು. ಅವತ್ತೇ ಹೇಳಿದ್ದೆನಲ್ಲ ಎಂದಿದ್ದರೆ ಚೆನ್ನಾಗಿತ್ತು.

ನನಗೆ ತಡೆಯಲಾಗಲಿಲ್ಲ. "ತಪ್ಪು ನಿಂದಲ್ಲ ಮಗಳೇ, ನಂದು. ಆ ಹೆಸರು ಹಾಕ್ಬೇಡಿ ಅಂತ ಸಿಸ್ಟರ್ ಹೇಳಿದ್ರು, ನಾನು ಕೇಳ್ಲಿಲ್ಲ. ಅದು ಇಲ್ದಿದ್ರೆ ನೀನು ಕಾರ್ಡು ತೋರಿಸ್ತಿದ್ದೆ, ಅಮ್ಮ ಉಳೀತಿದ್ರು. ಅದೂ ಸಾಲ್ದು ಅಂತ ಅವರನ್ನ ಲೆಕ್ಕದಿಂದಾನೇ ತೆಗೆದುಹಾಕ್ದೆ."

ಒಂದೇ ಉಸಿರಿಗೆ ಕಕ್ಕಿಬಿಟ್ಟೆ. ಎದೆ ಹಗುರಾಯಿತು. ಥೂ, ಆ ಹಗುರವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ರಾವಿಯಾ ಬೈಯಲಿಲ್ಲ. ಬೈದರೆ ಸಾಕಪ್ಪ ಎಂದು ನಾನು ಕಾಯುತ್ತಿದ್ದೆ. ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು.

"ಉಳೀತಿದ್ಳಾ?" ಎಂದಳು. "ತೋರಿಸಿದ್ರೆ ಅಮ್ಮ ಉಳೀತಿದ್ಳಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಖಂಡಿತವಾಗಿ ಹೇಳೋಕಾಗಲ್ಲಮ್ಮ..." ಎಂದು ತೊದಲಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಉತ್ತರ ಅಲ್ಲಿತ್ತು.

ಬುಟ್ಟಿಯನ್ನು ಅಲ್ಲೇ ಬಿಟ್ಟಳು. ಮೇಜಿನ ಮೇಲಿದ್ದ ಕಾರ್ಡನ್ನು ಮಾತ್ರ ಎತ್ತಿಕೊಂಡಳು.

"ಇದು ನನ್ ಹತ್ರಾನೇ ಇರ್ಲಿ," ಎಂದು ಮತ್ತೆ ಎದೆಯೊಳಗಿಟ್ಟುಕೊಂಡು ಹೋದಳು.

ಅವತ್ತೇ ಇಹ್ಸಾನರನ್ನು ಲೆಕ್ಕಕ್ಕೆ ಸೇರಿಸಿದೆ, ಸರಾಸರಿ ಒಂದು ಗಂಟೆ ದಾಟಿತು. ಹೊಸ ಕಾರ್ಡಿನಲ್ಲಿ ಕಾಯಿಲೆಯ ಹೆಸರಿಲ್ಲ, ಬರೀ ಒಂದು ಕೆಂಪು ಬೊಟ್ಟು. ಈಗ ಯಾರೂ ಬಚ್ಚಿಡುವುದಿಲ್ಲ. ಹಳೆಯವನ್ನೆಲ್ಲ ವಾಪಸು ತರಿಸಿ ಸುಟ್ಟೆವು, ಒಂದು ಬಿಟ್ಟು.