ತಾರಸಿಯ ಮೇಲೆ ನಾಲ್ಕು ಬೆರಳು ನೀರು

ಇಡೀ ಕತಾರಿನಲ್ಲಿ ಮಳೆಗೆ ಹೆದರುವವನೊಬ್ಬನಿದ್ದರೆ ಅವನು ಕಟಪಾಡಿಯ ತನಿಯ. ವರ್ಷಕ್ಕೆ ನಾಲ್ಕು ದಿನ, ಅದೂ ಮನಸ್ಸು ಬಂದರೆ ಬೀಳುವ ಮಳೆ ಅದು. ತುಳುನಾಡಿನಲ್ಲಿ ಹುಟ್ಟಿದವನು ಅದಕ್ಕೆ ಹೆದರುತ್ತಾನೆಂದರೆ ಕೇಳಿದವರು ನಗಬೇಕು, ನಗುತ್ತಲೂ ಇದ್ದರು. ಆದರೆ ಹಿಂದಿನ ವರ್ಷ ಆ ನಾಲ್ಕು ದಿನದ ಮಳೆಯೇ ತನಿಯನ ಮಾನ ಕಳೆದಿತ್ತು.

ದೋಹಾದ ಅಲ್ ಅಜೀಜಿಯಾದಲ್ಲಿ ಒಂದೇ ಗೋಡೆಯೊಳಗೆ ಒಂದು ಕಂಪನಿಯ ಇಪ್ಪತ್ತೆರಡು ಬಾಡಿಗೆ ವಿಲ್ಲಾಗಳಿದ್ದವು. ಅವುಗಳ ನಲ್ಲಿ, ಎ.ಸಿ., ಬಾಗಿಲು, ಬಣ್ಣ ಎಲ್ಲ ನೋಡಿಕೊಳ್ಳುವ ಸೂಪರ್‌ವೈಸರ್ ತನಿಯ. ಕೆಲಸ ಸಿಕ್ಕಿದ ಮೊದಲ ಚಳಿಗಾಲದಲ್ಲಿ ಮೋಡ ಕಂಡದ್ದೇ ತಡ, ಅವನ ಕೈ ತಾನಾಗಿ ಟಾರ್ಪಾಲಿಗೆ ಹೋಯಿತು. ಊರಿನಲ್ಲಿ ಮಳೆಗಾಲಕ್ಕೆ ಮೊದಲು ಮನೆಯ ಹೆಂಚಿನ ಮಾಡಿಗೆ ಟಾರ್ಪಾಲು ಕಟ್ಟಿ ಬೆಳೆದವನಲ್ಲವೇ? ಒಂಬತ್ತನೇ ನಂಬರಿನ ತಾರಸಿಯಲ್ಲಿ ಬಿರುಕು ಕಂಡಿದ್ದ. ನೀಲಿ ಟಾರ್ಪಾಲು ಹಾಸಿ, ಅಂಚಿಗೆ ಕಲ್ಲಿಟ್ಟು, ದೊಡ್ಡ ಕೆಲಸ ಮಾಡಿದೆನೆಂದು ಹೋಗಿ ಮಲಗಿದ. ಊರಿನ ಮಾಡು ಇಳಿಜಾರು, ನೀರು ತಾನಾಗಿ ಜಾರಿ ಹೋಗುತ್ತದೆ. ಇಲ್ಲಿನ ತಾರಸಿ ಚಪ್ಪಟೆ, ಸುತ್ತಲೂ ಮೊಣಕಾಲೆತ್ತರದ ಗೋಡೆ. ನೀರು ಹೋಗಲು ಗೋಡೆಯ ಬುಡದಲ್ಲಿ ಎರಡೇ ಕೊಳವೆ. ಗಾಳಿಗೆ ಜರುಗಿದ ಟಾರ್ಪಾಲು ಆ ಎರಡೂ ಕೊಳವೆಗಳ ಬಾಯಿ ಮುಚ್ಚಿತು. ಬೆಳಗಾಗುವಾಗ ತಾರಸಿ ಕೆರೆಯಾಗಿತ್ತು, ಒಳಗೆ ಹಾಲಿನ ಜಿಪ್ಸಮ್ ಸೀಲಿಂಗ್ ಕುಸಿದು ಟಿ.ವಿ., ಸೋಫಾ, ಕಾರ್ಪೆಟ್ಟುಗಳ ಮೇಲೆ ಬಿದ್ದಿತ್ತು.

ಇನ್ಶೂರೆನ್ಸಿನ ಸರ್ವೇಯರ್ ಬಂದ. ಬಿಳಿ ಕೂದಲಿನ ಮಲಯಾಳಿ. "ಈ ಟಾರ್ಪಾಲು ಹಾಕಿದ್ದು ಯಾರು?" ಎಂದು ಹಿಂದಿಯಲ್ಲಿ ಕೇಳಿದ. ತನಿಯ ಎರಡು ಹೆಜ್ಜೆ ಮುಂದೆ ಬಂದು "ನಾನು" ಎಂದ. ಆತ ಅವನನ್ನು ಒಂದು ಕ್ಷಣ ನೋಡಿ, ನಿರ್ವಹಣೆಯ ತಪ್ಪು, ಪರಿಹಾರ ಇಲ್ಲ ಎಂದು ಬರೆದು ಹೋದ. ಕಂಪನಿಯ ಕ್ಲೇಮು ಅಲ್ಲಿಗೆ ಬಿತ್ತು.

ಆಫೀಸಿನ ಮ್ಯಾನೇಜರ್ ಫಿಡೆಲಿಸ್ ಶಿರ್ವದವರು, ಒಳ್ಳೆಯವರೇ, ಆದರೆ ಸಿಟ್ಟು ಬಂದರೆ ಹಿಡಿಯಲಿಕ್ಕಿಲ್ಲ.

"ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಮಾರಾಯಾ?"

"ಹಾಕಿದ್ದು ನಾನೇ ಅಲ್ವಾ ಸರ್? ಅವರು ಕೇಳಿದ್ರು, ನಾನು ಹೇಳಿದೆ."

"ದೊಡ್ಡ ಸತ್ಯವಂತ! ಕೇಳು, ಬರುವ ವರ್ಷ ಒಂದೇ ಒಂದು ಮನೆಗೆ ನೀರು ಬಂದ್ರೆ ಖಲಾಸ್. ಕೆಲಸ ಹೊರಗಿನ ಕಂಪನಿಗೆ. ನೀನು ದೂರದ ಅಲ್ ಶಮಾಲಿನ ಗೋಡೌನಿನಲ್ಲಿ ಸಿಮೆಂಟ್ ಚೀಲ ಕಾಯ್ತಾ ಕೂತ್ಕೊಳ್ಬಹುದು."

ಅಂದಿನಿಂದ ಅವನಿಗೆ ಟಾರ್ಪಾಲ್ ತನಿಯ ಎಂಬ ಹೆಸರು ಬಿತ್ತು. ಗೋಡೌನಿಗಿಂತ ಆ ಹೆಸರೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು. ಒಂದು ಉದ್ದದ ರಿಜಿಸ್ಟರ್ ಕೊಂಡು ಮೊದಲ ಪುಟದಲ್ಲಿ ಅವನೇ ಬರೆದ: "ಒಂಬತ್ತನೇ ಮನೆ. ನೀರು ಬಂತು. ತಪ್ಪು ನನ್ನದು. ತನಿಯ."

ಮರುವರ್ಷ, ಎಂದರೆ ಎರಡು ಸಾವಿರದ ಆರರಲ್ಲಿ, ಅಕ್ಟೋಬರ್ ಬಂತು. ಬಿಸಿಲು ಸ್ವಲ್ಪ ಇಳಿದು ಜನ ಸಂಜೆ ಹೊರಗೆ ಕುರ್ಚಿ ಹಾಕಿ ಕೂರತೊಡಗಿದ ಹೊತ್ತಿಗೆ ತನಿಯ ಇಬ್ಬರು ಕೆಲಸಗಾರರೊಂದಿಗೆ ತಾರಸಿ ಹತ್ತಿದ. ಬೇಸಿಗೆಯ ಧೂಳುಗಾಳಿ ಕೊಳವೆಗಳಲ್ಲಿ ತಂದು ತುಂಬಿದ್ದನ್ನೆಲ್ಲ ಅವನು ಕೈ ಹಾಕಿ ತೆಗೆದ. ಮರಳು, ಪಾರಿವಾಳದ ಗೂಡು, ಟೆನಿಸ್ ಚೆಂಡು, ಈರುಳ್ಳಿ ಚೀಲ, ಯಾರದೋ ಒಂದು ಕಾಲಿನ ಚಪ್ಪಲಿ. ಬಿರುಕುಗಳನ್ನು ತಂತಿಬ್ರಷ್ಷಿನಿಂದ ಕೆರೆದು ಡಾಂಬರು ತುಂಬಿದ. ಇಷ್ಟು ಯಾರಾದರೂ ಮಾಡಿಯಾರು. ಆಮೇಲೆ ಮಾಡಿದ್ದನ್ನು ಕಂಡು ಇಡೀ ಕಾಂಪೌಂಡು ಅವನಿಗೆ ತಲೆ ಕೆಟ್ಟಿದೆ ಎಂದಿತು. ಒಂದೊಂದೇ ತಾರಸಿಯ ಕೊಳವೆಗೆ ಬಟ್ಟೆ ತುರುಕಿ, ಪೈಪು ಬಿಟ್ಟು ನಾಲ್ಕು ಬೆರಳು ನೀರು ನಿಲ್ಲಿಸಿದ. ಒಂದು ಹಗಲು ಒಂದು ರಾತ್ರಿ ನಿಂತ ಮೇಲೆ ಮನೆಯೊಳಗೆ ಹೋಗಿ, ಕತ್ತು ನೋಯುವಷ್ಟು ಹೊತ್ತು ಸೀಲಿಂಗ್ ನೋಡಿದ. ಒದ್ದೆಯ ಕಲೆ ಇಲ್ಲದಿದ್ದರೆ ಬಟ್ಟೆ ಎಳೆದು ನೀರು ಬಿಟ್ಟು, ಮನೆಯವರಿಂದ ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡ. ಕಲೆ ಇದ್ದರೆ ಮತ್ತೆ ಡಾಂಬರು, ಮತ್ತೆ ನೀರು. ಮಳೆ ತನ್ನನ್ನು ಪರೀಕ್ಷೆ ಮಾಡುವ ಮೊದಲು ತಾನೇ ಮಾಡಿಕೊಳ್ಳಬೇಕೆಂಬ ಹಟ ಅವನದು.

ಹದಿಮೂರು ಮನೆ ಸುಸೂತ್ರವಾಗಿ ಮುಗಿಯಿತು. ಹದಿನಾಲ್ಕರಲ್ಲಿದ್ದವಳು ಲೀಲಾಕ್ಷಿ.

ಲೀಲಾಕ್ಷಿ ಕಾಪುವಿನ ಕಡೆಯ ಹೆಂಗಸು, ಗಂಡನಿಗೆ ಟೈಲ್ಸ್ ವ್ಯಾಪಾರ. ತಾರಸಿಯ ಮೇಲೆ ಅರ್ಧಕ್ಕೆ ಕತ್ತರಿಸಿದ ಐದು ಡ್ರಮ್ಮುಗಳಲ್ಲಿ ಬಸಳೆ ಹಾಕಿ, ಚಪ್ಪರ ಕಟ್ಟಿ, ಮರುಭೂಮಿಯಲ್ಲಿ ಹಸಿರು ನಿಲ್ಲಿಸಿದ್ದಳು. ಡ್ರಮ್ಮಿನ ಮಣ್ಣುನೀರು ಕೆಳಗೆ ಗಂಡನ ಬಿಳಿ ಕಾರಿನ ಮೇಲೆ ಸುರಿಯದಿರಲೆಂದು ಎರಡೂ ಕೊಳವೆಗಳಿಗೆ ಹಳೆಯ ನೈಟಿ ಹರಿದು ತುರುಕಿದ್ದಳು. ತನಿಯ ಅದನ್ನು ಎಳೆದು ಹೊರಗೆ ಹಾಕಿದ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ತನಿಯಣ್ಣ, ಬಸಳೆಗೆ ಕೈ ಹಾಕಿದ್ರೆ ನೋಡಿ! ಇಲ್ಲಿ ಮಳೆ ಮಾಫಿ, ಇಲ್ಲವೇ ಇಲ್ಲ. ನೀವು ಸುಮ್ಮನೆ ಎಂತಕ್ಕೆ ತಲೆಬಿಸಿ ಮಾಡಿಕೊಳ್ಳೋದು?"

"ಬಸಳೆ ತೆಗೀಲಿಕ್ಕೆ ನಾನು ಹೇಳಿದ್ನಾ ಲೀಲಕ್ಕ? ನೀರಿಗೆ ದಾರಿ ಬಿಡಿ ಅಂತ ಮಾತ್ರ."

ಅವನು ಡ್ರಮ್ಮುಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ಇಟ್ಟಿಗೆ ಕೊಟ್ಟ. ಒಂದು ಬಳ್ಳಿಯೂ ಮುರಿಯಲಿಲ್ಲ. ಮಣ್ಣು ಹೋಗದಂತೆ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದ. ಆಮೇಲೆ ನೀರು ನಿಲ್ಲಿಸಿದ. ಮರುದಿನ ಬೆಳಿಗ್ಗೆ ಬಾಗಿಲು ತೆರೆದ ಲೀಲಾಕ್ಷಿ ಹಾಲಿನ ಮೂಲೆಗೆ ಬೆರಳು ತೋರಿಸಿದಳು. ಸೀಲಿಂಗಿನಲ್ಲಿ ತಟ್ಟೆಯಗಲದ ಒದ್ದೆ ಕಲೆ. ಡಿಶ್ ಆಂಟೆನಾ ನಿಲ್ಲಿಸಿದವನು ತಾರಸಿಗೆ ಬೋಲ್ಟು ಹೊಡೆದ ಜಾಗ ಅದು.

"ಇದು ಮಳೆ ಬಂದಾಗ ಗೊತ್ತಾಗಿದ್ರೆ..." ಎಂದಳು.

"ಈಗಲೇ ಗೊತ್ತಾಯ್ತಲ್ಲ," ಎಂದ ತನಿಯ. ಬೋಲ್ಟು ಕಿತ್ತು, ತೂತು ಮುಚ್ಚಿ, ಡಿಶ್ಶನ್ನು ಗೋಡೆಗೆ ವರ್ಗಾಯಿಸಿದ. ಎರಡನೇ ಸಲ ನೀರು ನಿಲ್ಲಿಸಿದಾಗ ಕಲೆ ಕಾಣಲಿಲ್ಲ. ಲೀಲಾಕ್ಷಿ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಇಪ್ಪತ್ತೆರಡನೇ ಮನೆಯ ಸಹಿ ಬಿದ್ದದ್ದು ನವೆಂಬರ್ ಕೊನೆಗೆ. ಡಿಸೆಂಬರಿನಲ್ಲಿ ದೋಹಾದ ಏಷ್ಯನ್ ಗೇಮ್ಸ್ ಶುರುವಾಗಿ ನಗರವೆಲ್ಲ ಬಾವುಟ ಹಾರಾಡುತ್ತಿದ್ದಾಗ ಮಳೆ ಬಂತು. ಬಂತೆಂದರೆ ಊರಿನ ಮಳೆಯಂತೆಯೇ ಬಂತು. ರಸ್ತೆಗಳಲ್ಲಿ ಕಾರುಗಳು ಅರ್ಧ ಮುಳುಗಿದವು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ತಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಫಿಡೆಲಿಸ್ ಬಕೆಟ್ಟು ಸಾಲದೆ ಪಾತ್ರೆಗಳನ್ನೂ ಇಟ್ಟರು.

ಅಜೀಜಿಯಾದಲ್ಲಿ ತನಿಯ ಕಾಂಪೌಂಡಿನ ನಡುವೆ ನೆನೆಯುತ್ತಾ ನಿಂತಿದ್ದ. ಸುತ್ತಲೂ ಇಪ್ಪತ್ತೆರಡು ಮನೆಗಳ ನಲವತ್ತನಾಲ್ಕು ಕೊಳವೆಗಳು ಒಟ್ಟಿಗೆ ನೀರು ಉಗುಳುತ್ತಿದ್ದವು. ಅವನು ಒಂದೊಂದನ್ನೂ ಎಣಿಸಿದ. ಎಣಿಕೆ ತಪ್ಪಿತೇನೋ ಎಂದು ಮತ್ತೆ ಎಣಿಸಿದ. ನಲವತ್ತನಾಲ್ಕೂ ಇದ್ದವು. ಎದೆ ತುಂಬಿ ಬಂತು. ಇಷ್ಟು ಹೆಮ್ಮೆ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ, ಹೆಂಡತಿಗೆ ಹೇಳುವ ಮಾತಲ್ಲ ಅಷ್ಟೇ.

ನಾಲ್ಕನೇ ದಿನ ಅದೇ ಬಿಳಿ ಕೂದಲಿನ ಸರ್ವೇಯರ್ ಫಿಡೆಲಿಸ್ ಜೊತೆ ಬಂದ. ಎಲ್ಲೆಲ್ಲಿಯ ಒದ್ದೆ ಕಾರ್ಪೆಟ್ಟುಗಳನ್ನೋ ನೋಡಿ ಅವನ ಮುಖ ಸೋತಿತ್ತು. ಈ ಕಾಂಪೌಂಡಿನಿಂದ ಒಂದೂ ಕ್ಲೇಮು ಬಾರದ್ದು ಅವನಿಗೆ ನಂಬಿಕೆಯಾಗಿರಲಿಲ್ಲ. ಫಿಡೆಲಿಸ್ ಬ್ಯಾಗಿನಲ್ಲಿ ಹೊರಗಿನ ಕಂಪನಿಯ ಕೊಟೇಶನ್ ಇದ್ದದ್ದು ತನಿಯನಿಗೆ ಗೊತ್ತಿತ್ತು. ಮೂವರೂ ಒಂದೊಂದೇ ತಾರಸಿ ಹತ್ತಿ ಇಳಿದರು. ಹದಿನಾಲ್ಕರಲ್ಲಿ ಬಸಳೆಯ ಡ್ರಮ್ಮುಗಳ ಕೆಳಗೆ ಇಟ್ಟಿಗೆ ಕಂಡು ಸರ್ವೇಯರ್ ಬಗ್ಗಿ ನೋಡಿ ನಕ್ಕ. ರಿಜಿಸ್ಟರ್ ತಿರುಗಿಸಿದಾಗ ಮೊದಲ ಪುಟ ಅವನಿಗೆ ಓದಲು ಬರಲಿಲ್ಲ.

"ಇಲ್ಲಿ ಏನು ಬರೆದಿದೆ?"

ತನಿಯ ಹಿಂದಿಯಲ್ಲಿ ಹೇಳಿದ, ತಪ್ಪು ನನ್ನದು ಎಂಬುದನ್ನೂ ಬಿಡಲಿಲ್ಲ. ಸರ್ವೇಯರ್ ತಲೆಯೆತ್ತಿ ನೋಡಿದ.

"ಅಂದು 'ನಾನು' ಎಂದು ಮುಂದೆ ಬಂದ ಟಾರ್ಪಾಲಿನ ಮನುಷ್ಯ ನೀನೇ ಅಲ್ಲವೇ? ಹಾಗಾದರೆ ಈ ಸಹಿಗಳನ್ನು ನಾನು ಮನೆ ಮನೆಗೆ ಹೋಗಿ ಕೇಳಬೇಕಾಗಿಲ್ಲ." ಫಿಡೆಲಿಸ್ ಕಡೆ ತಿರುಗಿ ಕೇಳಿದ, "ಈ ವರ್ಷ ಕೆಲಸ ಯಾವ ಕಂಪನಿಗೆ ಕೊಟ್ಟಿರಿ?"

ಫಿಡೆಲಿಸ್ ಬ್ಯಾಗನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಕಂಪನಿ ಗಿಂಪನಿ ಎಂತದೂ ಇಲ್ಲ," ಎಂದು ಕನ್ನಡದಲ್ಲೇ ಬಾಯಿಬಿಟ್ಟು, ಆಮೇಲೆ ಹಿಂದಿಗೆ ಹೊರಳಿದರು. "ನಮ್ಮ ತನಿಯಣ್ಣ. ನಮ್ಮ ಊರಿನವರು."

ಕೆಲಸಕ್ಕೆ ಸೇರಿದಂದಿನಿಂದ ಆ ಬಾಯಿಯಿಂದ 'ಅಣ್ಣ' ಬಂದದ್ದು ಅದೇ ಮೊದಲು. ಸರ್ವೇಯರ್ ಕಾರು ಹತ್ತಿದ ಮೇಲೆ ಫಿಡೆಲಿಸ್ ಹತ್ತಿರ ಬಂದು ದನಿ ತಗ್ಗಿಸಿದರು. "ನಮ್ಮ ಫ್ಲ್ಯಾಟ್ ಸೋರ್ತಾ ಉಂಟು. ನಾಳೆ ಒಮ್ಮೆ ಬಂದು ನೋಡ್ತೀರಾ?"

"ಬರ್ತೇನೆ ಸರ್. ಟಾರ್ಪಾಲು ಮಾತ್ರ ತರುವುದಿಲ್ಲ," ಎಂದ ತನಿಯ.

ಆ ಸಂಜೆ ಲೀಲಾಕ್ಷಿ ಕೊಟ್ಟ ಬಸಳೆಯ ಕಟ್ಟನ್ನು ಮೇಜಿನ ಮೇಲಿಟ್ಟು, ರಿಜಿಸ್ಟರಿನಲ್ಲಿ ಸಹಿಗಳೆಲ್ಲ ಮುಗಿದಲ್ಲಿ ಅವನು ಬರೆದ: "ಇಪ್ಪತ್ತೆರಡು ಮನೆ. ಒಂದು ಹನಿಯೂ ಒಳಗೆ ಬರಲಿಲ್ಲ. ಕೆಲಸ ನನ್ನದು. ತನಿಯ."