ಓಡದ ಮೀನು

ಪ್ರಯೋಗಾಲಯದ ತೊಟ್ಟಿಯಲ್ಲಿ ಕೊಳವೆಯೊಳಗಿಂದ ಕಬ್ಬಿಣದ ಗುಂಡು ನೀರಿಗೆ ಬಿದ್ದರೆ ಮೀನು ಬೆದರಿ ಬಿಲ್ಲಿನಂತೆ ಬಾಗಿ ಚಿಮ್ಮಬೇಕು. ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಎಷ್ಟು ಬೇಗ ಎಚ್ಚೆತ್ತಿತು, ಎಷ್ಟು ವೇಗವಾಗಿ ಓಡಿತು ಎಂದು ನಾವು ಅಳೆಯುತ್ತೇವೆ. ನಮ್ಮ ದ್ವೀಪದ ನವಾತು ಊರಿನ ಹವಳದ ದಂಡೆಯಲ್ಲಿ ಹಡಗುಕಟ್ಟೆ ಬರಲಿದೆ. ಅದಕ್ಕಾಗಿ ಕಡಲ ತಳಕ್ಕೆ ಕಂಬ ಬಡಿಯುವ ಸದ್ದನ್ನು ತೊಟ್ಟಿಯೊಳಗೆ ಕೇಳಿಸಿ ಅಳೆದಾಗ ಅರ್ಧಕ್ಕರ್ಧ ಮೀನು ಕದಲಲೇ ಇಲ್ಲ.

ವಿಲಿಕೇಸ ಅವನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿದ. ಅವನು ನಮ್ಮ ಪ್ರಯೋಗಾಲಯದ ಮುಖ್ಯಸ್ಥ, ನನ್ನ ಸೋದರಮಾವನ ಮಗ. ನವಾತು ಅವನದೇ ಊರು.

"ಓಡದ ಮೀನಿಗೆ ವೇಗ ಎಲ್ಲಿಂದ ತರ್ಲಿ ಟಿಟಿಲಿಯಾ? ಓಡಿದ್ದೆಲ್ಲ ಚೆನ್ನಾಗೇ ಓಡಿವೆ."

"ಓಡದೇ ಇದ್ದದ್ದನ್ನೇ ಅಲ್ವಾ ಭಾವ, ದೊಡ್ಡ ಮೀನು ನುಂಗೋದು?"

"ಮೂಗಿನ ತುದೀಲೇ ಕೋಪ ನಿಂಗೆ. ಅದಕ್ಕೇ ಒಬ್ಬನೂ ನಿನ್ನ ಮದ್ವೆ ಆಗ್ಲಿಲ್ಲ!"

ನಮ್ಮಲ್ಲಿ ಸೋದರತ್ತೆ-ಸೋದರಮಾವಂದಿರ ಮಕ್ಕಳು ಒಬ್ಬರನ್ನೊಬ್ಬರು ಎಷ್ಟು ಗೇಲಿ ಮಾಡಿದರೂ ಸಿಟ್ಟಾಗುವಂತಿಲ್ಲ. ಆ ಸಲಿಗೆಯ ಹಿಂದೆ ಅವನು ಅಡಗಿಕೊಂಡ. ಅಜ್ಜಿ ಹಾಡುತ್ತಿದ್ದ ಪದದಲ್ಲಿ ದಂಡೆಯ ಒಂದೊಂದು ಮೀನಿಗೂ ಹೆಸರಿತ್ತು. ಒಂದು ಬಿಟ್ಟುಹೋದರೆ ಮತ್ತೆ ಮೊದಲಿನಿಂದ ಹೇಳಬೇಕು. ದೇವರು ಉಸಿರು ಕೊಟ್ಟದ್ದನ್ನು ಇವನು ಒಂದು ಗುಂಡಿ ಒತ್ತಿ ಅಳಿಸಿದ್ದ. ನನ್ನ ಮೈಯೆಲ್ಲ ಉರಿಯಿತು.

ಶನಿವಾರ ನವಾತುವಿನ ಸಭಾಮನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ಕಟ್ಟೆ ಕಟ್ಟುವ ಕಂಪನಿಯವರು ತಿಮಿಂಗಿಲದ ಹಲ್ಲನ್ನು ಊರ ಒಡೆಯರ ಮುಂದಿಟ್ಟಿದ್ದರು. ಒಡೆಯರು ಅದನ್ನು ಎತ್ತಿಕೊಂಡರೆ ಊರು ಒಪ್ಪಿದಂತೆ. ವಿಲಿಕೇಸ ವರದಿ ಓದಿದ: ಸದ್ದಿನಿಂದ ಮೀನಿಗೆ ತೊಂದರೆಯಿಲ್ಲ.

ನಾನು ಕೂತಲ್ಲಿಂದಲೇ ಚಪ್ಪಾಳೆ ತಟ್ಟಿ ಮಾತಿಗೆ ಅಪ್ಪಣೆ ಕೇಳಿದೆ.

"ಶುರುವಾಯ್ತು ನೋಡಿ, ನನ್ನ ಅತ್ತೆ ಮಗಳ ಪ್ರಸಂಗ!" ಎಂದ ಅವನು. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಲ್ಯಾಪ್‌ಟಾಪ್ ಅವರ ಕಡೆಗೆ ತಿರುಗಿಸಿದೆ. ತೆರೆಯ ಮೇಲೆ ಗುಂಡು ಬಿತ್ತು, ನೀರು ಕಲಕಿತು, ಮೀನು ಹಾಗೇ ನಿಂತಿತ್ತು.

ಬಲೆ ಹಾಕುವ ಮೆರೆಸೀನಿ ಅತ್ತೆ ಮುಂದಕ್ಕೆ ಬಾಗಿದಳು. "ಸತ್ತಿದೆಯೇನೇ ಅದು?"

"ಇಲ್ಲ ಅತ್ತೆ, ಜೀವ ಇದೆ. ಕಂಬ ಬಡಿಯೋ ಸದ್ದಲ್ಲಿ ಅಪಾಯಾನೇ ಗೊತ್ತಾಗ್ಲಿಲ್ಲ ಅದಕ್ಕೆ."

"ಇಂಥವು ಎಷ್ಟು?"

"ಅರ್ಧ. ಡಾಕ್ಟರೇ, ಅವೆಲ್ಲ ನಿಮ್ಮ ವರದೀಲಿ ಎಲ್ಲಿವೆ?"

ನಗು ನಿಂತುಹೋಯಿತು. ಭಾವನನ್ನು ಹಾಗೆ ಬಿರುದು ಹಿಡಿದು ಕರೆದರೆ ಸಲಿಗೆ ಕಡಿದುಕೊಂಡಂತೆ. ಇನ್ನು ಗೇಲಿ ನಡೆಯುವುದಿಲ್ಲ.

"ಭಾವ ಅನ್ನೇ," ಎಂದ ಅವನು ಮೆಲ್ಲಗೆ.

"ಉತ್ತರ ಕೊಡಿ."

ಅವನು ವರದಿಯ ಹಾಳೆಗಳನ್ನು ಮಡಚಿದ. ಒಡೆಯರು ತಿಮಿಂಗಿಲದ ಹಲ್ಲನ್ನು ಎತ್ತಿಕೊಳ್ಳದೆ, ಕಂಪನಿಯವರ ಕಡೆಗೇ ಸರಿಸಿದರು.