ನಾಲ್ಕು ಗಂಟೆಗೆ ಹೊರಡುವ ಕಾಗದ

ಸಿಟ್ಟು ಬಂದಾಗ ನಾನು ಕಾಗದ ಬರೆಯುತ್ತೇನೆ, ಕಳಿಸುವುದಿಲ್ಲ. ಅಂಗಡಿಯ ಮೇಲ್ ತೆರೆದು, ಬಾಯಿಗೆ ಬಂದದ್ದನ್ನೆಲ್ಲ ಟೈಪ್ ಮಾಡಿ ಡ್ರಾಫ್ಟಿಗೆ ಹಾಕಿ ಎದ್ದರೆ ಹೊಟ್ಟೆ ತಣ್ಣಗಾಗುತ್ತದೆ. ವಿಳಾಸ ಮಾತ್ರ ತಪ್ಪದೆ ಹಾಕುತ್ತೇನೆ. ವಿಳಾಸವಿಲ್ಲದೆ ಬೈದರೆ ಗೋಡೆಗೆ ಬೈದ ಹಾಗೆ, ಅದರಿಂದ ಏನು ಸುಖ?

ನಮ್ಮದು ಹಲ್ಲಿನ ಸೆಟ್ಟು ಮಾಡುವ ಅಂಗಡಿ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ಹಲ್ಲಿನ ಬಣ್ಣ ಅಳತೆ ಎಲ್ಲ ಮೇಲ್‌ನಲ್ಲಿ ಬರುತ್ತದೆ. ಅಕ್ಕ, ನಾನು ಸೇರಿ ಶುರುಮಾಡಿದ್ದು. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಅಕ್ಕನ ಕೈ ನಡುಗಲು ಹತ್ತಿತು. ಮೇಣದಲ್ಲಿ ಒಂದು ಹಲ್ಲು ನೆಟ್ಟಗೆ ಕೂರಿಸಲಾಗದೆ ಅವಳು ಕೆಲಸಕ್ಕೆ ಬರುವುದನ್ನೇ ಬಿಟ್ಟಳು. ಈಗ ನಾಲ್ಕು ಬೀದಿ ಆಚೆ ಒಬ್ಬಳೇ ಇದ್ದಾಳೆ. ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ.

ಕಾರಣ ನನಗೆ ಗೊತ್ತಿತ್ತು. ಅಮ್ಮನಿಗೆ ಹೃದಯದ ಮಾತ್ರೆ ದಿನಕ್ಕೆ ಒಂದೇ. ಕೊಡುವುದು ಅಕ್ಕನ ಕೆಲಸ. ಅಮ್ಮ ಹೋದ ದಿನ ನಾನು ಎಣಿಸಿದೆ, ಇರಬೇಕಾದ್ದಕ್ಕಿಂತ ಒಂದು ಮಾತ್ರೆ ಕಡಿಮೆ ಇತ್ತು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ನನಗೆ ಗೊತ್ತಿದೆ ಎಂದು ತಿಳಿದರೆ ಅಕ್ಕ ಉಳಿಯುವವಳಲ್ಲ. ಆದರೆ ಅವಳ ಮೇಲೆ ಸಿಟ್ಟು ಬಂದಾಗಲೆಲ್ಲ ಅದೇ ಕಾಗದ: 'ಎರಡು ಸಲ ಮಾತ್ರೆ ಕೊಟ್ಟು ಅಮ್ಮನನ್ನು ಕೊಂದವಳು ನೀನು.' ಎಂಟು ಸಲ ಬರೆದಿದ್ದೆ. ನಿನ್ನೆ ಅವಳು ಫೋನು ಮಾಡಿ, ನಾನು ಮಾಡಿದ ಸೆಟ್ಟಿನ ಬಣ್ಣ ಸುಣ್ಣದ ಹಾಗಿದೆಯಂತೆ ಎಂದು ಕೊಂಕು ತೆಗೆದಳು. ಒಂಬತ್ತನೆಯದನ್ನೂ ಬರೆದೆ.

ಈ ಮೇಲ್‌ನವರಿಗೆ ಕೈ ಕಟ್ಟಿಕೊಂಡು ಕೂರಲು ಬರುವುದಿಲ್ಲ. ಹೋದ ವಾರ ಎಲ್ಲ ಹೊಸದು ಮಾಡಿದ್ದರು. ಹೊಸ ಬಣ್ಣ, ಹೊಸ ಗುಂಡಿಗಳು, ಹೊಸ ಭದ್ರತೆ. 'ಎರಡು ಹಂತದ ಪರಿಶೀಲನೆ ಮಾಡಿಕೊಳ್ಳಿ' ಎಂದು ದಿನಾ ಕೇಳುತ್ತಿತ್ತು. ನಾನು ದಿನಾ 'ಆಮೇಲೆ' ಒತ್ತುತ್ತಿದ್ದೆ.

ಇವತ್ತು ಮೂರೂವರೆಗೆ ಒಂದು ಆರ್ಡರು ಹುಡುಕುತ್ತಿದ್ದಾಗ ಪಕ್ಕದ ಪಟ್ಟಿಯಲ್ಲಿ ಹೊಸ ಹೆಸರು ಕಂಡಿತು: 'ಸಮಯಕ್ಕೆ ಕಳಿಸುವವು'. ಅದರಲ್ಲಿ ಒಂದು ಕಾಗದ. ಅಕ್ಕನ ವಿಳಾಸ. ಇಂದು ಸಂಜೆ ನಾಲ್ಕಕ್ಕೆ.

ನಿನ್ನೆಯದು ನೆನಪಾಯಿತು. ಮೊದಲು ಡ್ರಾಫ್ಟಿನ ಗುಂಡಿ ಇದ್ದ ಜಾಗದಲ್ಲಿ ಈಗ ಒಂದು ಗಡಿಯಾರದ ಚಿತ್ರವಿತ್ತು. ಅದನ್ನು ಒತ್ತಿದಾಗ ಏನೋ ಕೇಳಿತು, ಓದದೆ 'ಸರಿ' ಅಂದಿದ್ದೆ. ಈಗ ಆ ಕಾಗದವನ್ನು ತೆರೆಯಲು ಹೋದರೆ ಪರದೆ ಬೆಳ್ಳಗಾಗಿ 'ನೀವೇ ಎಂದು ಖಚಿತಪಡಿಸಿ' ಎಂದಿತು. 'ಆಮೇಲೆ' ಇವತ್ತು ಇರಲೇ ಇಲ್ಲ. ಪಾಸ್‌ವರ್ಡ್ ಕೊಟ್ಟೆ. ನಲವತ್ತೊಂದರಲ್ಲಿ ಮುಗಿಯುವ ಫೋನಿಗೆ ಆರಂಕಿಯ ಸಂಖ್ಯೆ ಕಳಿಸಿದ್ದೇವೆ ಎಂದಿತು. ಅದು ಅಕ್ಕನ ಫೋನು. ಅಂಗಡಿ ಶುರುವಾದಾಗ ಈ ಮೇಲ್ ಖಾತೆ ಮಾಡಿದವಳೇ ಅವಳು.

ಬೇರೆ ದಾರಿ ಹುಡುಕುತ್ತಾ ಹತ್ತು ನಿಮಿಷ ಹಾಳು ಮಾಡಿ, ಕೊನೆಗೆ ಅವಳಿಗೇ ಫೋನು ಹಚ್ಚಿದೆ. ಡಾಕ್ಟರ ಆರ್ಡರು ಅರ್ಜೆಂಟು ಎಂದು ಸುಳ್ಳು ಹೇಳಿದೆ. ಅವಳು ಕನ್ನಡಕ ಹುಡುಕಿದಳು. ಸಿಕ್ಕ ಮೇಲೆ ಒರೆಸಿದಳು. ಮೂರು ಐವತ್ತು.

"ಇದನ್ನ ಯಾರಿಗೂ ಹೇಳ್ಬೇಡಿ ಅಂತ ಬರೆದಿದ್ದಾರಲ್ಲೇ," ಅಂದಳು.

ಯಾರಿಗೂ ಅಂದರೆ ಕಳ್ಳರಿಗೆ, ನಾನು ನಿನ್ನ ತಂಗಿ ಎಂದು ರೇಗಿದೆ. ಅವಳು ಒಂದೊಂದೇ ಅಂಕಿ ಹೇಳಿದಳು. ನನ್ನ ಬೆರಳು ಜಾರಿ ಮೂರರ ಬದಲು ಆರು ಒತ್ತಿತು. ತಪ್ಪು ಸಂಖ್ಯೆ ಎಂದು ಪರದೆ ಕೆಂಪಾಯಿತು, ಹೊಸದು ಕಳಿಸಲು ಒಂದು ನಿಮಿಷ ಕಾಯಿರಿ ಎಂದಿತು. ಫೋನಿನಲ್ಲಿ ಅವಳ ಉಸಿರು ಕೇಳಿಸುತ್ತಿತ್ತು. ಇದೇ ಫೋನಿನಲ್ಲಿ ಇನ್ನೇನು ಆ ಕಾಗದ ಠಣ್ಣೆನ್ನುತ್ತದೆ, ಇದೇ ಕನ್ನಡಕ ಹಾಕಿಕೊಂಡು ಅವಳು ಓದುತ್ತಾಳೆ. ಹಾಳಾದವಳು ನಾನು, ಬೆರಳು ಮುರಿದುಕೊಳ್ಳಬೇಕಿತ್ತು ಅನಿಸಿತು.

ಹೊಸ ಸಂಖ್ಯೆ ಬಂತು. ಒತ್ತಿದೆ. ಮೇಲ್ ತೆರೆಯಿತು. ಕಾಗದ ಅಲ್ಲೇ ಇತ್ತು. ರದ್ದು ಮಾಡಿ, ಅಳಿಸಿ, ಗಡಿಯಾರ ನೋಡಿದೆ. ಮೂರು ಐವತ್ತೆಂಟು. ಕುರ್ಚಿಗೆ ಒರಗಿದೆ.

"ತಡೆದ್ಯಾ?" ಅಂದಳು ಅಕ್ಕ.

"ಏನನ್ನ?"

"ಕಾಗದನ."

ಅವಳು ನಿಧಾನವಾಗಿ ಹೇಳಿದಳು. ಅಂಗಡಿ ಬಿಟ್ಟರೂ ಆ ಮೇಲ್ ಅವಳ ಫೋನಿನಲ್ಲಿ ತೆರೆದೇ ಇತ್ತಂತೆ, ಹೋದ ವಾರ ಹೊಸ ಭದ್ರತೆ ಬಂದು ಅವಳನ್ನು ಆಚೆ ಹಾಕುವವರೆಗೂ. ಎಂಟೂ ಓದಿದ್ದಾಳೆ. ಆರ್ಡರಿಗಾಗಿ ನಾನು ಇಷ್ಟು ಗಾಬರಿ ಬೀಳುವವಳಲ್ಲ ಎಂದು ಅವಳಿಗೆ ಗೊತ್ತು, ಅಂಥ ಕಾಗದವೊಂದು ಕೈತಪ್ಪಿ ಹೊರಟಿರಬೇಕು ಎಂದು ಊಹಿಸಿದಳಂತೆ.

ಎಂಟು ಸಲ ಓದಿಯೂ ಇವಳು ನನಗೆ ದಿನಾ ಫೋನು ಮಾಡಿ ಊಟ ಆಯಿತಾ ಎಂದು ಕೇಳುತ್ತಿದ್ದಳು.

"ಆವತ್ತು ಮಾತ್ರೆ ಕೊಟ್ಟು ನೀರು ಕುಡಿಸ್ತಿದ್ದೆ ಕಣೇ," ಅಂದಳು. "ನುಂಗಿದ ಮೇಲೆ ಅಮ್ಮ ಅಂದ್ಲು, ಚಿಕ್ಕವಳು ಆಗ್ಲೇ ಕೊಟ್ಟು ಹೋದ್ಲಲ್ಲ ಅಂತ."

ಇಲ್ಲ ಅನ್ನಬೇಕೆಂದು ಬಾಯಿ ತೆರೆದೆ. ಆದರೆ ಆ ಬೆಳಗ್ಗೆ ಕಣ್ಣ ಮುಂದೆ ಬಂತು. ಅಕ್ಕ ಸ್ನಾನಕ್ಕೆ ಹೋಗಿದ್ದಳು. ನನಗೆ ಅಂಗಡಿಗೆ ಹೊತ್ತಾಗಿತ್ತು. ಅಮ್ಮ ಮಾತ್ರೆ ಕೇಳಿದಳು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ನಿಂತೇ ಮಾತ್ರೆ ಕೊಟ್ಟು ನೀರಿನ ಲೋಟ ಹಿಡಿದಿದ್ದೆ. ಹೊರಡುವಾಗ ಅಕ್ಕನಿಗೆ ಹೇಳಲಿಲ್ಲ.

ಅದರಿಂದಲೇ ಅಮ್ಮ ಹೋದಳು ಅಂತ ಯಾವ ಡಾಕ್ಟರೂ ಹೇಳಿಲ್ಲ, ಸುಮ್ನಿರು ಎಂದು ಅಕ್ಕ ಸಮಾಧಾನ ಮಾಡತೊಡಗಿದಳು. ಸಮಾಧಾನ ಮಾಡುತ್ತಿದ್ದುದು ಅವಳು, ನನ್ನನ್ನು.

"ಎರಡು ವರ್ಷ ಯಾಕೆ ಹೇಳ್ಲಿಲ್ಲ?" ಎಂದು ಹೇಗೋ ಕೇಳಿದೆ.

"ನನ್ನ ಮೇಲಿನ ಸಿಟ್ಟಾದ್ರೆ ಬರೆದು ಇಟ್ಬಿಡ್ತೀಯ," ಅಂದಳು. "ನಿನ್ನ ಮೇಲಿನದನ್ನ ಎಲ್ಲಿ ಇಡ್ತಿದ್ದೆ ನೀನು?"

ಅಂಗಡಿಯ ಬಾಗಿಲು ಎಳೆದು, ಮೇಣ ಹತ್ತಿದ ಕೈ ತೊಳೆಯದೆ ಅವಳ ಮನೆಯ ಕಡೆ ಓಡಿದೆ.